ಕರ್ನಲ್ ಲಾಗ್‌ನ ಗದ್ದಲ: ಪರದೆ ಮುಚ್ಚಿದರೆ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಕಂಪ್ಯೂಟರ್ ಅಂಕಣಗಳಲ್ಲಿ ಓದುಗರ ಒಂದು ಪ್ರಶ್ನೆ ಆಗಾಗ ಬರುತ್ತದೆ: ಲಿನಕ್ಸ್ ಶುರುವಾಗುವಾಗಲೂ ಆಮೇಲೂ ಒಂದೇ ಎಚ್ಚರಿಕೆಯ ಸಾಲು ನೂರಾರು ಸಲ ಬರುತ್ತಿದೆ, ನಿಲ್ಲಿಸುವುದು ಹೇಗೆ? ಉತ್ತರವೂ ಸಿದ್ಧವಾಗಿರುತ್ತದೆ. ಬೂಟ್ ಸಾಲಿಗೆ (ಯಂತ್ರ ಶುರುವಾಗುವಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿಗೆ) ‘ಕ್ವಯಟ್’ ಸೇರಿಸಿ, ಇಲ್ಲವೇ ‘ಲಾಗ್‌ಲೆವೆಲ್=3’ ಎಂದು ಬರೆಯಿರಿ. ಹಾಗೆ ಮಾಡಿದರೆ ಪರದೆ ಶುಭ್ರವಾಗುತ್ತದೆ, ಕೇಳಿದವರಿಗೂ ಸಮಾಧಾನವಾಗುತ್ತದೆ. ಆದರೆ ಒಳಗೆ ಕರ್ನಲ್ ತನ್ನ ದಾಖಲೆಗೆ, ಅಂದರೆ ಲಾಗ್‌ಗೆ, ಅದೇ ಸಾಲನ್ನು ಅಷ್ಟೇ ಸಲ ಬರೆಯುತ್ತಲೇ ಇರುತ್ತದೆ. ಈ ಸಲಹೆ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ, ಗದ್ದಲವನ್ನು ನಿಜವಾಗಿ ಎಲ್ಲಿ ಕಡಿಮೆ ಮಾಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಕರ್ನಲ್‌ನ ಪ್ರತಿ ಸಾಲಿಗೂ 0ರಿಂದ 7ರವರೆಗೆ ಒಂದು ದರ್ಜೆ ಇದೆ. 0 ಎಂದರೆ ಯಂತ್ರವೇ ಕೈಕೊಟ್ಟ ಸ್ಥಿತಿ. 3 ದೋಷ, 4 ಎಚ್ಚರಿಕೆ, 6 ಬರೀ ಮಾಹಿತಿ, 7 ಡೀಬಗ್ (ತಪ್ಪು ಹುಡುಕುವವರಿಗಾಗಿ). ಕನ್ಸೋಲ್‌ಗೆ, ಅಂದರೆ ಸಾಲುಗಳನ್ನು ತೋರಿಸುವ ಪರದೆಗೆ, ನಿಗದಿ ಮಾಡಿದ ಅಂಕಿಗಿಂತ ಕಡಿಮೆ ಅಂಕಿಯ ಸಾಲುಗಳಷ್ಟೇ ಪರದೆಗೆ ಬರುತ್ತವೆ. ‘ಕ್ವಯಟ್’ ಹಾಕಿದರೆ ಆ ಅಂಕಿ 4 ಆಗುತ್ತದೆ. ಎಚ್ಚರಿಕೆ ಮರೆಯಾಗುತ್ತದೆ, ದೋಷ ಕಾಣುತ್ತದೆ. 3 ಎಂದು ಬರೆದರೆ ದೋಷವೂ ಕಾಣುವುದಿಲ್ಲ. ‘ಕಡಿಮೆ’ ಎಂಬುದನ್ನು ‘ಕಡಿಮೆ ಅಥವಾ ಸಮ’ ಎಂದು ತಿಳಿದುಕೊಂಡವರು ಇಲ್ಲಿ ಎಡವುತ್ತಾರೆ. ‘/ಪ್ರೊಕ್/ಸಿಸ್/ಕರ್ನಲ್/ಪ್ರಿಂಟ್‌ಕೆ’ ಕಡತ ತೆರೆದರೆ ನಾಲ್ಕು ಅಂಕಿ ಸಿಗುತ್ತವೆ: ಮೊದಲನೆಯದು ಕನ್ಸೋಲ್‌ನ ಈಗಿನ ಮಟ್ಟ, ಎರಡನೆಯದು ದರ್ಜೆ ಹೇಳದೆ ಬಂದ ಸಾಲಿಗೆ ಕೊಡುವ ದರ್ಜೆ, ಮೂರನೆಯದು ಇಳಿಸಬಹುದಾದ ಕನಿಷ್ಠ ಮಟ್ಟ, ನಾಲ್ಕನೆಯದು ಮೊದಲೇ ಗೊತ್ತುಮಾಡಿದ ಮಟ್ಟ. ಇವುಗಳಲ್ಲಿ ಯಾವುದನ್ನು ತಿದ್ದಿದರೂ ಕರ್ನಲ್ ತನ್ನ ಸಾಲುಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಬಫರ್‌ಗೆ ಹೋಗುವ ಸಾಲು ಒಂದೂ ಕಡಿಮೆಯಾಗುವುದಿಲ್ಲ.

ಆ ಬಫರ್ ದೊಡ್ಡದಲ್ಲ. ಕರ್ನಲ್ ಕಟ್ಟುವಾಗಿನ ಸೆಟ್ಟಿಂಗ್‌ನಲ್ಲಿ 17 ಎಂದಿದ್ದರೆ 128 ಕೆಬಿ, 18 ಎಂದಿದ್ದರೆ 256 ಕೆಬಿ. ಬೂಟ್ ಸಾಲಿನಲ್ಲಿ ‘ಲಾಗ್_ಬಫ್_ಲೆನ್’ ಕೊಟ್ಟು ಹಿಗ್ಗಿಸಬಹುದು. ಅದು ತುಂಬಿದಾಗ ಹಳೆಯ ಸಾಲಿನ ಮೇಲೆಯೇ ಹೊಸದು ಬಂದು ಕೂರುತ್ತದೆ. ಸಾಲಿಗೆ 80 ಅಕ್ಷರ ಎಂದು ಹಿಡಿದರೆ 256 ಕೆಬಿಯಲ್ಲಿ ಸುಮಾರು 3,200 ಸಾಲು. ಸೆಕೆಂಡಿಗೆ 10 ಸಾಲು ಉಗುಳುವ ಒಂದೇ ಒಂದು ಡ್ರೈವರ್ (ಸಾಧನವೊಂದನ್ನು ನಡೆಸುವ ಕೋಡ್) ಇದ್ದರೆ ಐದೂವರೆ ನಿಮಿಷದೊಳಗೆ ಬೂಟ್ ಹೊತ್ತಿನ ಸಾಲುಗಳೆಲ್ಲ ಅಳಿಸಿಹೋಗಿರುತ್ತವೆ. ಡಿಸ್ಕಿಗೆ ಬರೆಯುವ ಸೇವೆ ಅಷ್ಟರಲ್ಲಿ ಅವನ್ನು ಎತ್ತಿಕೊಂಡಿದ್ದರೆ ಪುಣ್ಯ. ಯಂತ್ರ ಕುಸಿದುಬಿದ್ದಾಗ ಆ ಪುಣ್ಯವೂ ಇರುವುದಿಲ್ಲ. ಕುಸಿತದ ಹೊತ್ತಿನ ಲಾಗ್ ಉಳಿಸುವ ಪಿಸ್ಟೋರ್ ವ್ಯವಸ್ಥೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಕೊನೆಯ 10,240 ಬೈಟ್ ಮಾತ್ರ ಎತ್ತಿಡುತ್ತದೆ. ಹತ್ತಿರಹತ್ತಿರ 128 ಸಾಲು. ಆ 128 ಸಾಲೂ ‘ಸೆನ್ಸರ್ ಓದಲಾಗಲಿಲ್ಲ’ ಎಂದೇ ಇದ್ದರೆ, ಕುಸಿತದ ನಿಜವಾದ ಕಾರಣ ಹೇಳಿದ್ದ ಸಾಲು 129ನೆಯದಾಗಿ ಹೊರಗೆ ಉಳಿದಿರುತ್ತದೆ.

ಕನ್ಸೋಲ್ ಮಟ್ಟ ಇಳಿಸುವುದರಿಂದ ನಿಜಕ್ಕೂ ಪ್ರಯೋಜನವಿರುವ ಒಂದು ಜಾಗವಿದೆ, ಅದು ಸೀರಿಯಲ್ ಕನ್ಸೋಲ್, ಅಂದರೆ ಸಾಲುಗಳನ್ನು ತಂತಿಯ ಮೇಲೆ ಒಂದೊಂದೇ ಬಿಟ್ ಆಗಿ ಹೊರಗೆ ಕಳಿಸುವ ದಾರಿ. 1,15,200 ಬಾಡ್ ವೇಗದಲ್ಲಿ ಅಕ್ಷರಕ್ಕೆ 10 ಬಿಟ್‌ನಂತೆ ಸೆಕೆಂಡಿಗೆ 11,520 ಅಕ್ಷರ ಹೋಗುತ್ತದೆ. 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್. ಸಾಲು ಬರೆದ ಸಿಪಿಯುವೇ ಅದನ್ನು ಕನ್ಸೋಲ್‌ವರೆಗೆ ಸಾಗಿಸಬೇಕಾದ ಹಳೆಯ ವ್ಯವಸ್ಥೆಯಲ್ಲಿ, ಒಂದು ಸಿಪಿಯುವಿನ ಪಾಲಿಗೆ 3,000 ಸಾಲು ಬಿದ್ದರೆ 20 ಸೆಕೆಂಡ್ ದಾಟಿತು. 20 ಸೆಕೆಂಡ್ ಎಂದರೆ ಕರ್ನಲ್‌ನ ಕಾವಲುಗಾರ ‘ಈ ಸಿಪಿಯು ಅಲ್ಲಾಡುತ್ತಿಲ್ಲ’ ಎಂದು ಸಾಫ್ಟ್ ಲಾಕಪ್ ಘೋಷಿಸುವ ಮಾಮೂಲಿ ಮಿತಿ. ಆ ಘೋಷಣೆ ಇನ್ನೊಂದಷ್ಟು ಸಾಲುಗಳನ್ನು ಮುದ್ರಿಸುತ್ತದೆ, ಅವೂ ಅದೇ ತಂತಿಯ ಮೇಲೆ ಹೋಗಬೇಕು. ಲಾಗ್ ಬರೆದದ್ದರಿಂದಲೇ ಯಂತ್ರ ನಿಂತುಹೋಗುವುದು ಹೀಗೆ.

ಇನ್ನು ಗದ್ದಲದ ಮೂಲಕ್ಕೆ ಬರೋಣ. ಬಹುಪಾಲು ಅದು ಡ್ರೈವರ್ ಕೋಡ್‌ನಲ್ಲೇ ಇರುತ್ತದೆ, ಮತ್ತು ಅದರಲ್ಲಿ ಎರಡು ಬಗೆ: ಒಂದು ತೊಂದರೆಯನ್ನು ನಾಲ್ಕು ಜನ ವರದಿ ಮಾಡುವುದು, ಒಬ್ಬನೇ ನಾಲ್ಕು ಸಾವಿರ ಸಲ ವರದಿ ಮಾಡುವುದು. ಎರಡಕ್ಕೂ ಮದ್ದು ಬೇರೆ.

ಮೊದಲನೆಯದಕ್ಕೆ ಸರಳ ಉದಾಹರಣೆ: ಒಂದು ಸಾಧನಕ್ಕೆ ಇಂಟರಪ್ಟ್ (ಸಾಧನ ಸಿಪಿಯುವನ್ನು ಕರೆಯುವ ಸಂಕೇತ, ಅಂದರೆ ಐಆರ್‌ಕ್ಯೂ) ಸಂಖ್ಯೆ ಸಿಗಲಿಲ್ಲ. ಅದನ್ನು ಹುಡುಕುವ ‘ಪ್ಲಾಟ್‌ಫಾರ್ಮ್_ಗೆಟ್_ಐಆರ್‌ಕ್ಯೂ’ ಎಂಬ ಫಂಕ್ಷನ್ ತಾನೇ ‘ಐಆರ್‌ಕ್ಯೂ ಇಂಡೆಕ್ಸ್ 0 ಸಿಗಲಿಲ್ಲ’ ಎಂದು ದೋಷದ ಸಾಲು ಬರೆಯುತ್ತದೆ. 2019ರಲ್ಲಿ ಬಂದ 5.4ನೇ ಆವೃತ್ತಿಯಿಂದ ಇದೇ ರೂಢಿ. ಅದನ್ನು ಕರೆದ ಡ್ರೈವರ್ ‘ಐಆರ್‌ಕ್ಯೂ ಪಡೆಯಲಾಗಲಿಲ್ಲ’ ಎಂದು ತನ್ನದೂ ಒಂದು ಸಾಲು ಸೇರಿಸುತ್ತದೆ. ಅದರ ಮೇಲಿನ ಫಂಕ್ಷನ್ ‘ಹಾರ್ಡ್‌ವೇರ್ ಸಿದ್ಧಗೊಳಿಸಲಾಗಲಿಲ್ಲ’ ಎನ್ನುತ್ತದೆ. ಕೊನೆಗೆ ಡ್ರೈವರ್ -22ರಂಥ ದೋಷಸಂಖ್ಯೆ ಮರಳಿಸಿದರೆ, ಡ್ರೈವರ್‌ಗಳನ್ನು ನಿಭಾಯಿಸುವ ಕೇಂದ್ರ ಭಾಗವೇ ‘ಪ್ರೋಬ್ (ಸಾಧನವನ್ನು ಸಿದ್ಧಗೊಳಿಸುವ ಹಂತ) ವಿಫಲ, ದೋಷ -22’ ಎಂದು ಷರಾ ಬರೆಯುತ್ತದೆ. ಕಾರಣ ಒಂದು, ಸಾಲು ನಾಲ್ಕು. ಇವುಗಳಲ್ಲಿ ಮೊದಲನೆಯದು, ಕೊನೆಯದು ಇದ್ದರೆ ಸಾಕು. ನಡುವಿನ ಎರಡನ್ನು ಅಳಿಸಿದರೆ ಯಾವ ಮಾಹಿತಿಯೂ ಹೋಗುವುದಿಲ್ಲ. ಆ ಇಂಟರಪ್ಟ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುವಂಥದ್ದಾದರೆ ಅದೇ ಫಂಕ್ಷನ್‌ನ ‘ಆಪ್ಷನಲ್’ ರೂಪ ಬಳಸಬೇಕು. ಅದು ಸದ್ದಿಲ್ಲದೆ ದೋಷಸಂಖ್ಯೆ ಮರಳಿಸುತ್ತದೆ.

ಮೆಮೊರಿಯದೂ ಇದೇ ಕತೆ. ಮೆಮೊರಿ ಕೇಳುವ ‘ಕೆಮ್ಯಾಲಕ್’ ಫಂಕ್ಷನ್ ಸೋತರೆ ಕರ್ನಲ್‌ನ ಮೆಮೊರಿ ವಿಭಾಗ ಎಷ್ಟು ಕೇಳಲಾಗಿತ್ತು, ಯಾವ ಷರತ್ತಿನ ಮೇಲೆ, ಎಷ್ಟು ಉಳಿದಿದೆ ಎಂಬುದನ್ನೆಲ್ಲ ವಿವರವಾಗಿ ಮುದ್ರಿಸುತ್ತದೆ, ಅದಕ್ಕೆ ತನ್ನದೇ ಮಿತಿಯೂ ಇದೆ. ಅದರ ಕೆಳಗೆ ಡ್ರೈವರ್ ‘ಮೆಮೊರಿ ಸಾಲದು’ ಎಂದು ಬರೆಯುವುದರಲ್ಲಿ ಏನೂ ಹೊಸದಿಲ್ಲ. ಪ್ಯಾಚ್‌ಗಳನ್ನು (ಕೋಡ್‌ನ ತಿದ್ದುಪಡಿಗಳನ್ನು) ತಪಾಸಣೆ ಮಾಡುವ ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ಇಂಥ ಸಾಲು ಕಂಡರೆ ‘ಇದು ಅನಗತ್ಯ ಇರಬಹುದು’ ಎಂದು ಬೆರಳು ತೋರಿಸುತ್ತದೆ. ಇಂಟರಪ್ಟ್ ವಿಷಯಕ್ಕೆ ಕರ್ನಲ್ ಮೂಲದಲ್ಲೇ ಕೋಡ್‌ನಲ್ಲಿ ಒಂದೇ ಮಾದರಿಯನ್ನು ಹುಡುಕಿ ತಿದ್ದುವ ಕಾಕ್ಸಿನೆಲ್ ಎಂಬ ಉಪಕರಣಕ್ಕೆ ಬರೆದ ಸ್ಕ್ರಿಪ್ಟ್ ಇದೆ. ‘ಮೇಕ್ ಕಾಕ್ಸಿಚೆಕ್’ ಜೊತೆ ಅದರ ಹೆಸರು ಕೊಟ್ಟು ‘ಪ್ಯಾಚ್’ ವಿಧಾನದಲ್ಲಿ ಓಡಿಸಿದರೆ ತೆಗೆಯಬೇಕಾದ ಸಾಲುಗಳ ಪ್ಯಾಚನ್ನೇ ತಯಾರಿಸಿಕೊಡುತ್ತದೆ. ಅದನ್ನು ಕಣ್ಣುಮುಚ್ಚಿ ಕಳಿಸಬಾರದು. ಕೆಲವು ಕಡೆ ಡ್ರೈವರ್‌ನ ಸಾಲಿನಲ್ಲಿ ಯಾವ ಚಾನೆಲ್, ಯಾವ ಪೋರ್ಟ್ ಎಂಬ ವಿವರ ಇರುತ್ತದೆ, ಕೆಳಗಿನ ಫಂಕ್ಷನ್‌ಗೆ ಅದು ಗೊತ್ತಿರುವುದಿಲ್ಲ. ಅಂಥ ಸಾಲು ಉಳಿಯಬೇಕು.

ಬೂಟ್ ಹೊತ್ತಿನ ಗದ್ದಲದಲ್ಲಿ ದೊಡ್ಡ ಪಾಲು ‘-517’ ಎಂಬ ಸಂಖ್ಯೆಯದು. ‘ರೆಗ್ಯುಲೇಟರ್ ಸಿಗಲಿಲ್ಲ: -517’, ‘ಕ್ಲಾಕ್ ಸಿಗಲಿಲ್ಲ: -517’. ಇದು ದೋಷವೇ ಅಲ್ಲ. ನನಗೆ ಬೇಕಾದ ಇನ್ನೊಂದು ಡ್ರೈವರ್ ಇನ್ನೂ ಬಂದಿಲ್ಲ, ಆಮೇಲೆ ಮತ್ತೆ ಕರೆಯಿರಿ ಎಂದು ಡ್ರೈವರ್ ಹೇಳುತ್ತಿದೆ, ಅಷ್ಟೆ. ಕರ್ನಲ್ ಹಾಗೇ ಮತ್ತೆ ಕರೆಯುತ್ತದೆ, ಐದಾರು ಸಲವೂ ಕರೆಯಬಹುದು, ಪ್ರತಿ ಸಲವೂ ಅದೇ ಸಾಲು ಬೀಳುತ್ತದೆ. ಕೊನೆಗೆ ಎಲ್ಲ ಸರಿಹೋಗಿ ಸಾಧನ ಕೆಲಸ ಮಾಡುತ್ತಿದ್ದರೂ ಲಾಗ್ ಓದಿದವರಿಗೆ ಎದೆ ಧಸಕ್ಕೆನ್ನುತ್ತದೆ. 2020ರ 5.9ನೇ ಆವೃತ್ತಿಯಲ್ಲಿ ಬಂದ ‘ಡೆವ್_ಎರ್_ಪ್ರೋಬ್’ ಇದಕ್ಕೆಂದೇ ಇರುವುದು. ದೋಷಸಂಖ್ಯೆ -517 ಆಗಿದ್ದರೆ ಸಾಲನ್ನು ಡೀಬಗ್ ದರ್ಜೆಗೆ ಇಳಿಸುತ್ತದೆ, ಕಾರಣವನ್ನು ಡೀಬಗ್ ಕಡತವ್ಯವಸ್ಥೆಯ ‘ಡಿವೈಸಸ್_ಡಿಫರ್ಡ್’ ಕಡತದಲ್ಲಿ ಬರೆದಿಡುತ್ತದೆ. ಬೇರೆ ಸಂಖ್ಯೆಯಾದರೆ ಸಾಮಾನ್ಯವಾಗಿ ಎಂದಿನ ದೋಷದ ಸಾಲೇ ಬರುತ್ತದೆ. ಅದೇ ಸಂಖ್ಯೆಯನ್ನು ಮರಳಿಸುವುದರಿಂದ ಮುದ್ರಣ, ವಾಪಸಾತಿ ಎರಡೂ ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಬೂಟ್ ಮುಗಿದ ಮೇಲೂ ಒಂದು ಸಾಧನ ಏಳದಿದ್ದರೆ ನೋಡಬೇಕಾದ್ದು ಆ ಕಡತವನ್ನು: ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದು ಅಲ್ಲಿ ಹೆಸರು ಸಮೇತ ಇರುತ್ತದೆ.

ಫರ್ಮ್‌ವೇರ್ (ಸಾಧನದೊಳಗೆ ಓಡುವ ಸಾಫ್ಟ್‌ವೇರ್) ಕಡತಗಳದ್ದು ಇದೇ ಜಾತಿಯ ಇನ್ನೊಂದು ತಾಪತ್ರಯ. ಡ್ರೈವರ್ ಹೊಸ ಆವೃತ್ತಿಯ ಕಡತದಿಂದ ಶುರುಮಾಡಿ, ಸಿಗದಿದ್ದರೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುತ್ತದೆ. ಪ್ರತಿ ಮೆಟ್ಟಿಲಿಗೂ ‘ಲೋಡ್ ಆಗಲಿಲ್ಲ, ದೋಷ -2’ ಎಂಬ ಸಾಲು. -2 ಎಂದರೆ ಕಡತ ಇಲ್ಲ ಎಂದಷ್ಟೇ ಅರ್ಥ. ನಾಲ್ಕನೇ ಯತ್ನದಲ್ಲಿ ಕಡತ ಸಿಕ್ಕಿದರೂ ಮೇಲಿನ ಮೂರು ಸಾಲು ಉಳಿದುಬಿಡುತ್ತವೆ. ಎಚ್ಚರಿಕೆ ಕೊಡದ ‘ಫರ್ಮ್‌ವೇರ್_ರಿಕ್ವೆಸ್ಟ್_ನೋವಾರ್ನ್’ ಬಳಸಿ ಹುಡುಕಿ, ಎಲ್ಲವೂ ಸೋತಾಗ ಮಾತ್ರ ಯಾವ ಯಾವ ಹೆಸರು ಹುಡುಕಿದೆ ಎಂದು ಒಂದು ಸಾಲು ಬರೆದರೆ ಮುಗಿಯಿತು.

ಎರಡನೆಯ ಬಗೆ, ಅಂದರೆ ಒಂದೇ ಜಾಗದಿಂದ ಒಂದೇ ಸಾಲು ಸುರಿಯುವುದು, ನೋಡಲು ಸುಲಭ ಅನ್ನಿಸಿದರೂ ತಪ್ಪುವುದು ಇಲ್ಲೇ ಹೆಚ್ಚು. ಕರ್ನಲ್‌ನಲ್ಲಿ ಇದಕ್ಕೆ ಎರಡು ಸಿದ್ಧ ಉಪಾಯಗಳಿವೆ. ‘ಒನ್ಸ್’ ಎಂದು ಕೊನೆಯಾಗುವವು ಬೂಟ್‌ಗೆ ಒಂದೇ ಸಲ ಮುದ್ರಿಸುತ್ತವೆ. ‘ರೇಟ್‌ಲಿಮಿಟೆಡ್’ ಎಂದು ಕೊನೆಯಾಗುವವು 5 ಸೆಕೆಂಡಿಗೆ 10 ಸಾಲು ಬಿಟ್ಟು ಉಳಿದದ್ದನ್ನು ನುಂಗಿ, ಆಮೇಲೆ ‘ಇಷ್ಟು ಕರೆಗಳನ್ನು ತಡೆಯಲಾಯಿತು’ ಎಂಬ ಲೆಕ್ಕ ಬರೆಯುತ್ತವೆ.

ಒಂದು ತಾಪಮಾನದ ಸೆನ್ಸರ್ ತೆಗೆದುಕೊಳ್ಳಿ. 100 ಮಿಲಿಸೆಕೆಂಡಿಗೊಮ್ಮೆ ಓದಬೇಕು. ಕನೆಕ್ಟರ್ ಸಡಿಲವಾಗಿದೆ, ಪ್ರತಿ ಓದಿಗೂ -110, ಅಂದರೆ ಸಮಯ ಮೀರಿತು ಎಂಬ ಉತ್ತರ. ಮಿತಿ ಇಲ್ಲದಿದ್ದರೆ ದಿನಕ್ಕೆ 8,64,000 ಸಾಲು. ರೇಟ್‌ಲಿಮಿಟ್ ಹಾಕಿದರೆ 5 ಸೆಕೆಂಡಿಗೆ 10ರಂತೆ ದಿನಕ್ಕೆ 1,72,800 ಸಾಲು, ಅದರ ಮೇಲೆ ‘ತಡೆಯಲಾಯಿತು’ ಎಂಬ 17,000 ಚಿಲ್ಲರೆ ಸಾಲು. ಐದರಲ್ಲಿ ಒಂದಕ್ಕೆ ಇಳಿಯಿತು ನಿಜ, ಆದರೂ ಓದುವವರ ಪಾಡು ಏನೂ ಸುಧಾರಿಸಲಿಲ್ಲ. ‘ಒನ್ಸ್’ ಹಾಕಿದರೆ ಒಂದೇ ಸಾಲು. ಆದರೆ ನಡುವೆ ಸೆನ್ಸರ್ ಸರಿಹೋಗಿ, ಹದಿನೈದು ದಿನ ಬಿಟ್ಟು ಮತ್ತೆ ಕೆಟ್ಟರೆ ಲಾಗ್ ತುಟಿಪಿಟಕ್ಕೆನ್ನುವುದಿಲ್ಲ. ವರ್ಷಗಟ್ಟಲೆ ರೀಬೂಟ್ ಆಗದ ಸರ್ವರ್‌ನಲ್ಲಂತೂ ಆ ಒಂದು ಸಾಲು ಇದ್ದ ಲಾಗ್ ಕಡತವೇ ಅಳಿಸಿಹೋಗಿರುತ್ತದೆ.

ಇಲ್ಲಿ ಬೇಕಾದ್ದು ಸ್ಥಿತಿ ಬದಲಾದಾಗ ಮಾತ್ರ ಬರೆಯುವ ಕೋಡ್. ಸಾಧನದ ರಚನೆಯಲ್ಲಿ ‘ಕೆಟ್ಟಿದೆ’ ಎಂಬ ಒಂದು ಗುರುತು, ಒಂದು ಎಣಿಕೆ ಇಟ್ಟುಕೊಳ್ಳಬೇಕು. ಓದು ಸೋತಾಗ ಎಣಿಕೆ ಒಂದು ಹೆಚ್ಚಾಗಲಿ. ಗುರುತು ಇಲ್ಲದಿದ್ದರೆ ಮಾತ್ರ ಎಚ್ಚರಿಕೆ ಮುದ್ರಿಸಿ ಗುರುತು ಹಾಕಲಿ. ಓದು ಸರಿಯಾಗಿ ಬಂದು, ಗುರುತು ಇದ್ದರೆ ‘ಸರಿಹೋಯಿತು, ನಡುವೆ ಇಷ್ಟು ಓದು ಸೋತವು’ ಎಂದು ಮಾಹಿತಿ ದರ್ಜೆಯಲ್ಲಿ ಬರೆದು ಗುರುತು ತೆಗೆಯಲಿ. ಸಡಿಲ ಕನೆಕ್ಟರ್‌ಗೆ ಒಟ್ಟು ಎರಡು ಸಾಲು, ಅದರಲ್ಲಿ ಯಾವಾಗಿಂದ ಯಾವಾಗಿನವರೆಗೆ ಎಂಬ ಮಾಹಿತಿ ಪೂರ್ತಿ ಇದೆ. ಕ್ಷಣಕ್ಷಣಕ್ಕೂ ಕೆಟ್ಟು ಸರಿಹೋಗುವ ಸಾಧನವಾದರೆ ಸ್ಥಿತಿ ಬದಲಾವಣೆಯೇ ಸುರಿಮಳೆಯಾಗುತ್ತದೆ, ಅಂಥ ಕಡೆ ಇದರ ಜೊತೆಗೆ ರೇಟ್‌ಲಿಮಿಟ್ ಕೂಡ ಬೇಕು. ಎಣಿಕೆಯನ್ನು ಸಿಸ್‌ಎಫ್‌ಎಸ್ (ಸಾಧನಗಳ ವಿವರ ತೋರಿಸುವ ಕರ್ನಲ್‌ನ ಕಡತವ್ಯವಸ್ಥೆ) ಕಡತವೊಂದರಲ್ಲಿ ತೋರಿಸಿದರೆ ನಿಗಾ ಇಡುವ ಸಾಫ್ಟ್‌ವೇರ್‌ಗೂ ಲಾಗ್ ಜಾಲಾಡುವ ಕೆಲಸ ತಪ್ಪುತ್ತದೆ.

ಸಿದ್ಧ ಉಪಾಯಗಳ ಇನ್ನೊಂದು ಸೂಕ್ಷ್ಮ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ‘ಒನ್ಸ್’ ಆಗಲಿ, ‘ರೇಟ್‌ಲಿಮಿಟೆಡ್’ ಆಗಲಿ ಲೆಕ್ಕ ಇಡುವುದು ಕೋಡ್‌ನ ಆ ಜಾಗಕ್ಕೆ, ಸಾಧನಕ್ಕಲ್ಲ. ಒಂದೇ ಡ್ರೈವರ್ ನಡೆಸುವ ಎಂಟು ನೆಟ್‌ವರ್ಕ್ ಪೋರ್ಟ್‌ಗಳಿದ್ದರೆ ‘ಡೆವ್_ವಾರ್ನ್_ಒನ್ಸ್’ ಮೊದಲ ಪೋರ್ಟ್‌ನ ಹೆಸರು ಹಾಕಿ ಒಂದು ಸಾಲು ಬರೆಯುತ್ತದೆ, ಉಳಿದ ಏಳರದ್ದು ಎಂದೂ ಬರುವುದಿಲ್ಲ. ಸಾಲಿನಲ್ಲಿ ಸಾಧನದ ಹೆಸರು ಇರುವುದರಿಂದ ಓದಿದವರು ‘ಉಳಿದವು ಚೆನ್ನಾಗಿವೆ’ ಎಂದೇ ತಿಳಿಯುತ್ತಾರೆ. ರೇಟ್‌ಲಿಮಿಟ್‌ನಲ್ಲೂ ಅಷ್ಟೆ, ಗಲಾಟೆ ಮಾಡುವ ಒಂದು ಪೋರ್ಟ್ ಹತ್ತೂ ಸಾಲಿನ ಪಾಲನ್ನು ತಿಂದರೆ ಪಕ್ಕದ ಪೋರ್ಟ್‌ನ ಒಂದೇ ಒಂದು ಗಂಭೀರ ಸಾಲು ನುಂಗಿಹೋಗುತ್ತದೆ. ಹೀಗಾಗದಿರಲು ರೇಟ್‌ಲಿಮಿಟ್‌ನ ಸ್ಥಿತಿಯನ್ನು ಪ್ರತಿ ಸಾಧನದ ರಚನೆಯೊಳಗೇ ಇಟ್ಟು, ಪ್ರೋಬ್‌ನಲ್ಲಿ ‘ರೇಟ್‌ಲಿಮಿಟ್_ಸ್ಟೇಟ್_ಇನಿಟ್’ ಕರೆದು, ಮುದ್ರಿಸುವ ಮೊದಲು ಅದನ್ನೇ ಕೇಳಬೇಕು. ಹಳೆಯ ಕೋಡ್‌ನಲ್ಲಿ ಕಾಣುವ ‘ಪ್ರಿಂಟ್‌ಕೆ_ರೇಟ್‌ಲಿಮಿಟ್’ ಇನ್ನೂ ಕಷ್ಟದ್ದು: ಅದನ್ನು ಬಳಸುವವರೆಲ್ಲರಿಗೂ ಸೇರಿ ಒಂದೇ ಪಾಲು. ನೆಟ್‌ವರ್ಕ್ ವಿಭಾಗದ ‘ನೆಟ್_ರೇಟ್‌ಲಿಮಿಟ್’ ಕೂಡ ಹಾಗೆಯೇ. ಅದರ 5 ಸೆಕೆಂಡ್, 10 ಸಾಲು ಎಂಬ ಮಿತಿಗಳು ‘/ಪ್ರೊಕ್/ಸಿಸ್/ನೆಟ್/ಕೋರ್’ನಲ್ಲಿ ‘ಮೆಸೇಜ್_ಕಾಸ್ಟ್’, ‘ಮೆಸೇಜ್_ಬರ್ಸ್ಟ್’ ಎಂಬ ಹೆಸರಿನಲ್ಲಿವೆ. ಇನ್ನೊಂದು ಮಾತು: ‘ತಡೆಯಲಾಯಿತು’ ಎಂಬ ಲೆಕ್ಕ ತಾನಾಗಿ ಬರುವುದಿಲ್ಲ, ಅವಧಿ ಮುಗಿದ ಮೇಲೆ ಅದೇ ಘಟನೆ ಮತ್ತೊಮ್ಮೆ ಆದಾಗ ಬರುತ್ತದೆ. ಮಳೆ ಥಟ್ಟನೆ ನಿಂತರೆ ಎಷ್ಟು ಹನಿ ಬಿತ್ತು ಎಂಬ ಲೆಕ್ಕ ಅಲ್ಲೇ ಉಳಿದುಬಿಡುತ್ತದೆ.

ಚೆನ್ನಾಗಿ ಬರೆದ ಎಚ್ಚರಿಕೆ ಹೇಗಿರುತ್ತದೆ ಎಂದು ನೋಡಬೇಕಾದರೆ ಟಿಸಿಪಿಯ ‘ಸಿನ್ ಫ್ಲಡಿಂಗ್ (ಸಂಪರ್ಕ ಕೋರಿಕೆಗಳ ಸುರಿಮಳೆ) ಇರಬಹುದು’ ಎಂಬ ಸಾಲು ನೋಡಿ. ಕೇಳುತ್ತಿರುವ ಪ್ರತಿ ಸಾಕೆಟ್‌ಗೆ ಒಮ್ಮೆ ಮಾತ್ರ ಬರುತ್ತದೆ, ಯಾವ ಪೋರ್ಟ್ ಎಂದು ಹೇಳುತ್ತದೆ, ಕರ್ನಲ್ ಏನು ಕ್ರಮ ತೆಗೆದುಕೊಂಡಿತು ಎಂದು ಹೇಳುತ್ತದೆ, ಹಿಂದಿನ ಆವೃತ್ತಿಗಳಲ್ಲಿ ಎಣಿಕೆಗೆ ಎಸ್‌ಎನ್‌ಎಂಪಿ (ನೆಟ್‌ವರ್ಕ್ ನಿಗಾದ) ಕೌಂಟರ್ ನೋಡಿ ಎಂದೂ ದಾರಿ ತೋರಿಸುತ್ತಿತ್ತು.

‘ವಾರ್ನ್_ಆನ್’ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹೆಸರಿನಲ್ಲಿ ಎಚ್ಚರಿಕೆ ಎಂದಿದ್ದರೂ ಅದು ಇರುವುದು ಕರ್ನಲ್‌ನ ಒಳಗೇ ಏನೋ ಎಡವಟ್ಟಾಗಿದೆ ಎಂದು ಹೇಳಲು. ಒಂದು ಸಲ ಉರಿದರೆ ರಿಜಿಸ್ಟರ್‌ಗಳು, ಕರೆಗಳ ಸರಣಿ ಎಲ್ಲ ಸೇರಿ ಮೂವತ್ತು ನಲವತ್ತು ಸಾಲು ಬೀಳುತ್ತವೆ, ಎಡವಟ್ಟಾಗಿತ್ತು ಎಂದು ನೆನಪಿಡುವ ಕರ್ನಲ್‌ನ ಕಳಂಕದ (ಟೇಂಟ್) ಗುರುತಿಗೆ 512 ಸೇರುತ್ತದೆ. ‘ಪ್ಯಾನಿಕ್_ಆನ್_ವಾರ್ನ್’ ಹಾಕಿದ ಯಂತ್ರವಾದರೆ ಅಲ್ಲೇ ಪ್ಯಾನಿಕ್, ಅಂದರೆ ಕರ್ನಲ್ಲೇ ನಿಂತುಹೋಗುತ್ತದೆ. ಆದ್ದರಿಂದ ಬಳಕೆದಾರನ ಪ್ರೋಗ್ರಾಂ ತಪ್ಪು ಮೌಲ್ಯ ಕೊಟ್ಟಿತು, ಕೇಬಲ್ ಕಿತ್ತುಬಂತು ಎಂಬಂಥ ಕಾರಣಕ್ಕೆ ಅದನ್ನು ಬಳಸುವಂತಿಲ್ಲ. ಅಲ್ಲಿ ಸುಮ್ಮನೆ ದೋಷಸಂಖ್ಯೆ ಮರಳಿಸಿದರೆ ಆಯಿತು. ನಿಜಕ್ಕೂ ಬೇಕಾದ ಕಡೆಯೂ ‘ವಾರ್ನ್_ಆನ್_ಒನ್ಸ್’ ಬಳಸಿ ಎಂದು ಕರ್ನಲ್‌ನ ಕೋಡಿಂಗ್ ಶೈಲಿಯ ದಾಖಲೆಯೇ ಹೇಳುತ್ತದೆ. ಇಷ್ಟಾದರೂ ಪ್ಯಾಕೆಟ್ ಬಂದಾಗಲೆಲ್ಲ ಓಡುವ ದಾರಿಯಲ್ಲಿ ಬರೀ ‘ವಾರ್ನ್_ಆನ್’ ಹಾಕಿದ ಪ್ಯಾಚ್‌ಗಳು ಬರುವುದು ನಿಂತಿಲ್ಲ.

ಬಳಕೆದಾರರ ಕಡೆಗೆ ಬಂದರೆ, ಲ್ಯಾಪ್‌ಟಾಪ್‌ಗಳಲ್ಲಿ ಅತಿ ಹೆಚ್ಚು ಕಾಡುವುದು, ಕಾರ್ಡ್, ಡಿಸ್ಕ್‌ಗಳನ್ನು ಸಿಪಿಯುವಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನ ‘ಸರಿಪಡಿಸಲಾದ ದೋಷ’. ‘ಪಿಸಿಐಇ ಬಸ್ ಎರರ್: ಸಿವಿಯಾರಿಟಿ=ಕರೆಕ್ಟೆಡ್, ಟೈಪ್=ಫಿಸಿಕಲ್ ಲೇಯರ್’ ಎಂದು ಶುರುವಾಗುತ್ತದೆ, ಕೆಳಗೆ ಸಾಧನದ ಸಂಖ್ಯೆ, ಅದರ ಕೆಳಗೆ ‘ಆರ್‌ಎಕ್ಸ್‌ಎರ್’, ಅಂದರೆ ರಿಸೀವರ್ ಎರರ್. ಒಂದು ಘಟನೆಗೆ ಮೂರು ನಾಲ್ಕು ಸಾಲು, ಸೆಕೆಂಡಿಗೆ ಹತ್ತಾರು ಘಟನೆ. ಲಾಗ್ ಕಡತ ಗಿಗಾಬೈಟ್‌ಗಟ್ಟಲೆ ಬೆಳೆದು ಡಿಸ್ಕ್ ತುಂಬಿಹೋಗುವುದು ಅಪರೂಪವೇನಲ್ಲ. ಇದಕ್ಕೂ ಒಂದು ಸಿದ್ಧ ಸಲಹೆ ಓಡಾಡುತ್ತಿದೆ: ಬೂಟ್ ಸಾಲಿಗೆ ‘ಪಿಸಿಐ=ನೋಎಇಆರ್’ ಹಾಕಿ. ಎಇಆರ್ ಎಂದರೆ ಪಿಸಿಐ ಎಕ್ಸ್‌ಪ್ರೆಸ್ ದೋಷಗಳನ್ನು ವರದಿ ಮಾಡುವ ವ್ಯವಸ್ಥೆ. ಅದನ್ನು ಹೀಗೆ ಆರಿಸಿದರೆ ಸರಿಪಡಿಸಲಾದ ದೋಷದ ಸದ್ದು ನಿಲ್ಲುತ್ತದೆ, ಜೊತೆಗೆ ಸರಿಪಡಿಸಲಾಗದ ದೋಷದ ವರದಿಯೂ, ಅದರಿಂದ ಚೇತರಿಸಿಕೊಳ್ಳುವ ವ್ಯವಸ್ಥೆಯೂ ಹೋಗುತ್ತದೆ. ಡಿಸ್ಕ್ ಇರುವ ಎನ್‌ವಿಎಂಇ ಸ್ಲಾಟ್‌ನಲ್ಲೇ ತೊಂದರೆ ಇದ್ದರೆ ಇದು ತೀರಾ ದುಬಾರಿ ಮೌನ.

ಹಾಗೆ ಮಾಡುವ ಮೊದಲು ಸಿಸ್‌ಎಫ್‌ಎಸ್‌ನಲ್ಲಿ ಆ ಸಾಧನದ ಫೋಲ್ಡರ್‌ಗೆ ಹೋಗಿ ‘ಎಇಆರ್_ಡೆವ್_ಕರೆಕ್ಟಬಲ್’ ಕಡತ ತೆರೆಯಿರಿ. ಯಾವ ಬಗೆಯ ದೋಷ ಎಷ್ಟು ಸಲ ಆಗಿದೆ ಎಂಬ ಎಣಿಕೆ ಅಲ್ಲಿ ಬಗೆಬಗೆಯಾಗಿ ಇದೆ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ ವ್ಯತ್ಯಾಸ ಬರೆದುಕೊಳ್ಳಿ. ತೆಗೆಯಬಹುದಾದ ಕಾರ್ಡ್ ಆದರೆ ಯಂತ್ರ ಆರಿಸಿ, ಕಾರ್ಡ್ ತೆಗೆದು ಗಟ್ಟಿಯಾಗಿ ಕೂರಿಸಿ. ನಡುವೆ ರೈಸರ್ ಕೇಬಲ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಹಾಕಿ ನೋಡಿ. ಆಮೇಲೂ ಎಣಿಕೆ ಏರುತ್ತಿದ್ದರೆ ಬಯಾಸ್ ನವೀಕರಿಸಿ, ‘ಪಿಸಿಐಇ_ಎಎಸ್‌ಪಿಎಂ=ಆಫ್’ ಹಾಕಿ ಒಮ್ಮೆ ಬೂಟ್ ಮಾಡಿ. ಎಣಿಕೆ ಅಲ್ಲಿಗೇ ನಿಂತರೆ ಲಿಂಕ್ ವಿದ್ಯುತ್ ಉಳಿಸಲು ನಿದ್ರೆಗೆ ಹೋಗಿ ಏಳುವಾಗ ತಡವರಿಸುತ್ತಿದೆ ಎಂದಾಯಿತು. ಆ ಆಯ್ಕೆಯನ್ನು ಹಾಗೇ ಉಳಿಸಿಕೊಂಡರೆ ಬ್ಯಾಟರಿ ಬೇಗ ಇಳಿಯುತ್ತದೆ ಎಂಬುದು ನೆನಪಿರಲಿ. 6.16ನೇ ಆವೃತ್ತಿಯಿಂದ ಕರ್ನಲ್ ಈ ಸಾಲುಗಳಿಗೆ ಸಾಧನವಾರು ಮಿತಿ ಹಾಕುತ್ತದೆ, ಎಣಿಕೆ ಮಾತ್ರ ಎಂದಿನಂತೆ ನಡೆಯುತ್ತದೆ. ಹಾಗಾಗಿ ಈ ತೊಂದರೆಗೆ ಹೊಸ ಕರ್ನಲ್ ಹಾಕಿಕೊಳ್ಳುವುದೇ ಎಷ್ಟೋ ವಾಸಿ.

ಯಾವ ಸಾಲು ಎಷ್ಟು ಸಲ ಬರುತ್ತಿದೆ ಎಂದು ಊಹಿಸಬೇಡಿ, ಎಣಿಸಿ. ಲಾಗ್ ತೋರಿಸುವ ‘ಜರ್ನಲ್‌ಸಿಟಿಎಲ್’ ಆಜ್ಞೆಗೆ ಕರ್ನಲ್ ಸಾಲು ಮಾತ್ರ, ಈ ಬೂಟ್‌ನದ್ದು ಮಾತ್ರ, ದಿನಾಂಕ ಬೇಡ ಎಂದು ಹೇಳಿ, ಅದಕ್ಕೆ ‘-ಕೆ’, ‘-ಬಿ’, ‘-ಒ ಕ್ಯಾಟ್’ ಎಂಬ ಮೂರು ಆಯ್ಕೆ ಸಾಕು. ಬಂದದ್ದನ್ನು ಪಠ್ಯ ಬದಲಿಸುವ ‘ಸೆಡ್’ ಆಜ್ಞೆಗೆ ಕೊಟ್ಟು ಮೊದಲು ಹೆಕ್ಸಾಡೆಸಿಮಲ್ (ಹದಿನಾರರ ಆಧಾರದ) ವಿಳಾಸಗಳನ್ನು, ಆಮೇಲೆ ಉಳಿದ ಅಂಕಿಗಳನ್ನು ಒಂದೇ ಅಕ್ಷರಕ್ಕೆ ಬದಲಿಸಿ. ಈ ಹೆಜ್ಜೆ ಬಿಟ್ಟರೆ ವಿಳಾಸವೊಂದು ಬೇರೆಯಾದ ಮಾತ್ರಕ್ಕೆ ಒಂದೇ ಎಚ್ಚರಿಕೆ ಸಾವಿರ ಬೇರೆ ಬೇರೆ ಸಾಲಾಗಿ ಎಣಿಕೆಗೆ ಸಿಗುತ್ತದೆ. ಕೊನೆಗೆ ವಿಂಗಡಿಸಿ ಎಣಿಸಲು ‘ಸಾರ್ಟ್’, ‘ಯೂನಿಕ್ -ಸಿ’, ಮತ್ತೆ ‘ಸಾರ್ಟ್ -ಆರ್‌ಎನ್’. ಮೇಲಿನ ಐದಾರು ಸಾಲಿನಲ್ಲೇ ಗದ್ದಲದ ಬಹುಪಾಲು ಇರುತ್ತದೆ. ಸಾಲಿನಲ್ಲಿ ‘ಫರ್ಮ್‌ವೇರ್ ಬಗ್’ ಎಂಬ ಚೌಕ ಆವರಣದ ಗುರುತಿದ್ದರೆ ತಪ್ಪು ಬಯಾಸ್‌ನದು ಎಂದು ಕರ್ನಲ್ ಹೇಳುತ್ತಿದೆ, ಬಯಾಸ್ ನವೀಕರಣ ಬಿಟ್ಟರೆ ನೀವು ಮಾಡುವಂಥದ್ದು ಹೆಚ್ಚಿಲ್ಲ. ‘ಹಾರ್ಡ್‌ವೇರ್ ಎರರ್’ ಎಂದಿದ್ದರೆ ಆ ಸಾಲನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ಪ್ಯಾಚ್ ಬರುವತನಕ ಡಿಸ್ಕ್ ಉಳಿಸಿಕೊಳ್ಳಲು, ಲಾಗನ್ನು ಡಿಸ್ಕಿಗೆ ಬರೆಯುವ ಆರ್‌ಸಿಸ್‌ಲಾಗ್ ಸೇವೆಯಲ್ಲಿ ಆ ಸಾಲಿನ ಒಂದು ತುಣುಕು ಕೊಟ್ಟು ‘ಸ್ಟಾಪ್’ ನಿಯಮ ಬರೆಯಬಹುದು. ತುಣುಕು ಆದಷ್ಟು ಉದ್ದವಿರಲಿ; ಬರೀ ‘ಪಿಸಿಐಇ’ ಎಂದು ಬರೆದರೆ ನಾಳೆ ಬರುವ ನಿಜವಾದ ದೋಷವೂ ಜರಡಿಯಲ್ಲಿ ಹೋಗುತ್ತದೆ. ಅದರಲ್ಲೇ ಇರುವ ‘ಪುನರಾವರ್ತಿತ ಸಾಲು ತಗ್ಗಿಸು’ ಎಂಬ ಆಯ್ಕೆಯನ್ನು ಹಾಕಿ ‘ಏನೂ ಆಗಲಿಲ್ಲ’ ಎನ್ನುವವರಿದ್ದಾರೆ. ಕರ್ನಲ್ ಸಾಲಿನ ಒಳಗೇ ಮೈಕ್ರೋಸೆಕೆಂಡ್‌ವರೆಗಿನ ಸಮಯದ ಮುದ್ರೆ ಇರುವುದರಿಂದ ಯಾವ ಎರಡು ಸಾಲೂ ತದ್ರೂಪ ಇರುವುದಿಲ್ಲ, ಅದಕ್ಕೇ ಆ ಆಯ್ಕೆ ಕೆಲಸ ಮಾಡುವುದಿಲ್ಲ. ಇನ್ನೊಂದು ಲಾಗ್ ಸೇವೆಯಾದ ಜರ್ನಲ್‌ಡಿಯ ‘30 ಸೆಕೆಂಡಿಗೆ 10,000 ಸಾಲು’ ಎಂಬ ಮಿತಿಯೂ ಸೇವೆಗಳ ಲೆಕ್ಕದ್ದು, ಕರ್ನಲ್‌ನ ಪ್ರವಾಹಕ್ಕೆ ಅದನ್ನು ಅಣೆಕಟ್ಟು ಎಂದುಕೊಳ್ಳಬೇಡಿ. ಜರ್ನಲ್‌ಡಿಯ ‘ಸಿಸ್ಟಂಮ್ಯಾಕ್ಸ್‌ಯೂಸ್’ಗೆ ಒಂದು ಗಾತ್ರ ಕೊಟ್ಟರೆ ಅದರ ಲಾಗ್‌ನಿಂದ ಡಿಸ್ಕ್ ತುಂಬುವುದಂತೂ ತಪ್ಪುತ್ತದೆ, ಆದರೆ ಹಳೆಯ ಲಾಗ್ ಬೇಗ ಅಳಿಯುತ್ತದೆ.

ಸಾಲು ತೆಗೆಯುವ ಪ್ಯಾಚ್ ಕಳಿಸುವವರಿಗೆ ಒಂದು ವಿನಂತಿ. ‘ಗದ್ದಲ ಕಡಿಮೆ ಮಾಡಿದೆ’ ಎಂದಷ್ಟೇ ಬರೆದ ಪ್ಯಾಚ್‌ನಿಂದ ಪರಿಶೀಲಿಸುವವರಿಗೆ ಏನೂ ತಿಳಿಯುವುದಿಲ್ಲ. ಮೊದಲಿನ ಲಾಗ್, ಆಮೇಲಿನ ಲಾಗ್ ಎರಡನ್ನೂ ವಿವರಣೆಯಲ್ಲಿ ಅಂಟಿಸಿ, ಅಳಿಸಿದ ಸಾಲಿನ ಮಾಹಿತಿ ಈಗ ಎಲ್ಲಿ ಸಿಗುತ್ತದೆ ಎಂದು ಹೇಳಿ. ದೋಷದ ದಾರಿಯನ್ನು ನಿಜವಾಗಿ ಓಡಿಸಿ ನೋಡಿ: ಮೆಮೊರಿ ಸೋಲನ್ನು ಬೇಕೆಂದೇ ಉಂಟುಮಾಡಲು ಕರ್ನಲ್‌ನಲ್ಲೇ ‘ಫೇಲ್‌ಸ್ಲ್ಯಾಬ್’ ಇದೆ. ‘ವಾರ್ನ್_ಆನ್_ಒನ್ಸ್’, ‘ಪ್ರಿಂಟ್‌ಕೆ_ಒನ್ಸ್’ ಸಾಲುಗಳನ್ನು ಪ್ರತಿ ಸಲ ರೀಬೂಟ್ ಮಾಡದೆ ಪರೀಕ್ಷಿಸಲು ಡೀಬಗ್ ಕಡತವ್ಯವಸ್ಥೆಯ ‘ಕ್ಲಿಯರ್_ವಾರ್ನ್_ಒನ್ಸ್’ ಕಡತಕ್ಕೆ 1 ಬರೆದರೆ ಸಾಕು, ಮುಗಿದುಹೋದ ಅಂಥ ಎಚ್ಚರಿಕೆಗಳು ಮತ್ತೆ ಒಂದು ಸಲ ಉರಿಯಲು ಸಿದ್ಧವಾಗುತ್ತವೆ. ಬೇಡವೆನಿಸಿದ ಸಾಲನ್ನು ಪೂರ್ತಿ ಕಿತ್ತುಹಾಕಲು ಮನಸ್ಸು ಬಾರದಿದ್ದರೆ ಡೀಬಗ್ ದರ್ಜೆಗೆ ಇಳಿಸಿ. ಡೈನಮಿಕ್ ಡೀಬಗ್ ಇರುವ ಕರ್ನಲ್‌ನಲ್ಲಿ ಕಡತದ ಹೆಸರು, ಸಾಲಿನ ಸಂಖ್ಯೆ ಕೊಟ್ಟು ‘+ಪಿ’ ಎಂದರೆ ಓಡುತ್ತಿರುವ ಯಂತ್ರದಲ್ಲೇ ಆ ಒಂದು ಸಾಲು ಮತ್ತೆ ಮಾತಾಡುತ್ತದೆ. ಮುದ್ರಿಸುವ ವಾಕ್ಯವನ್ನು ಕೋಡ್‌ನಲ್ಲಿ ಎರಡು ಸಾಲಿಗೆ ಮುರಿಯಬೇಡಿ, ಲಾಗ್‌ನಲ್ಲಿ ಕಂಡ ಮಾತನ್ನು ಮೂಲದಲ್ಲಿ ಹುಡುಕುವವರಿಗೆ ಅದು ಸಿಗುವುದೇ ಇಲ್ಲ.

ಬಳಕೆದಾರರು ದೂರು ಬರೆಯುವಾಗ ಎಣಿಕೆಯ ಮೇಲಿನ ಹತ್ತು ಸಾಲು, ಕರ್ನಲ್ ಆವೃತ್ತಿ, ಬೂಟ್ ಆದ ತಕ್ಷಣದ ಪೂರ್ತಿ ‘ಡಿಮೆಸೇಜ್’ (ಕರ್ನಲ್ ಬಫರ್‌ನ ಲಾಗ್) ಲಗತ್ತಿಸಿ. ಬಫರ್ ತುಂಬಿ ಮೊದಲ ಸಾಲುಗಳು ಹೋಗಿದ್ದರೆ ‘ಲಾಗ್_ಬಫ್_ಲೆನ್=4ಎಂ’ ಹಾಕಿ ಬೂಟ್ ಮಾಡಿ ಹಿಡಿಯಿರಿ. ಅದಕ್ಕೂ ಮುಂಚೆ ‘/ಪ್ರೊಕ್/ಸಿಎಂಡಿಲೈನ್’ ಒಮ್ಮೆ ತೆರೆದು ನೋಡಿ: ಎಂದೋ ಯಾರದೋ ಸಲಹೆ ಕೇಳಿ ಹಾಕಿದ್ದ ‘ಪಿಸಿಐ=ನೋಎಇಆರ್’, ‘ಲಾಗ್‌ಲೆವೆಲ್=3’ ಇನ್ನೂ ಅಲ್ಲೇ ಇದ್ದರೆ ತೆಗೆದು, ಮತ್ತೊಮ್ಮೆ ಬೂಟ್ ಮಾಡಿ, ಆ ಲಾಗ್ ಕಳಿಸಿ.

ಇಂತಿ,
ಡ್ರೈವರ್ ಪ್ಯಾಚ್‌ಗಳನ್ನು ಪರಿಶೀಲಿಸುವ ಕೆಲಸದಲ್ಲಿರುವ ಕೆಲವು ಓದುಗರು